ಡಿಸ್ಲೆಕ್ಸಿಯಾ ಇರುವ ಮಗಳು ಸೊರೊರಿಟಿ ಸೇರಬಹುದೇ?

ಪ್ರಶ್ನೆ: ನಾವು ಹದಿನಾರು ವರ್ಷಗಳಿಂದ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿದ್ದೇವೆ. ಹದಿನೆಂಟು ತುಂಬಿದ ಮಗಳು ಬರುವ ಆಗಸ್ಟ್‌ನಲ್ಲಿ ಇಲ್ಲಿಯದೇ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರುತ್ತಿದ್ದಾಳೆ. ಅವಳಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವುದರಲ್ಲಿನ ತೊಂದರೆ, ಇದೆ ಎಂದು ಮೂರನೆಯ ತರಗತಿಯಲ್ಲಿ ಗೊತ್ತಾಯಿತು. ಅವಳು ದಡ್ಡಿಯಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತಿತ್ತು, ಒಳ್ಳೆಯ ಅಂಕಗಳನ್ನೇ ತೆಗೆದಳು. ಈಗ ಕಾಲೇಜು ಹುಡುಗಿಯರ ಸಂಘವಾದ ಸೊರೊರಿಟಿ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ‘ಓದುವುದಕ್ಕೇ ಸಮಯ ಸಾಲದು, ಇದೆಲ್ಲ ಯಾಕೆ?’ ಎನ್ನುತ್ತಾರೆ ಅವಳ ಅಪ್ಪ. ಮೈಸೂರಿನಲ್ಲಿರುವ ನಮ್ಮ ಅತ್ತೆ, ‘ಕನ್ನಡವನ್ನು ತಪ್ಪಿಲ್ಲದೆ ಓದುತ್ತಾಳಲ್ಲ, ಅವಳಿಗೇನಾಗಿದೆ? ಯಾರ ಮುಂದೆಯೂ ಬಾಯಿ ಬಿಡಬೇಡಿ’ ಎನ್ನುತ್ತಾರೆ. ನಿಜವಾಗಿಯೂ ಅವಳು ದಡ್ಡಿಯಲ್ಲ ಮೇಡಂ. ಆ ಹುಡುಗಿಯರಿಗೆ ವಿಷಯ ಹೇಳಬೇಕೇ, ಮುಚ್ಚಿಡಬೇಕೇ? ನಾನೇ ಕಾಲೇಜಿಗೆ ಫೋನ್ ಮಾಡಿ ಮಾತನಾಡಲೇ?

ಉತ್ತರ: ‘ಅವಳು ದಡ್ಡಿಯಲ್ಲ’ ಎಂದು ನೀವು ಎರಡು ಸಲ ಬರೆದಿದ್ದೀರಿ. ಅಮೆರಿಕದ ವಿಶ್ವವಿದ್ಯಾಲಯವೊಂದರ ಡಿಸೆಬಿಲಿಟಿ ಕಚೇರಿಯಲ್ಲಿ ಬಹಳ ವರ್ಷ ಇಂಥ ಮಕ್ಕಳ ಜೊತೆಯಲ್ಲೇ ಕೆಲಸ ಮಾಡಿದ ನನಗೆ ಅದನ್ನು ಒತ್ತಿ ಹೇಳಬೇಕಾಗಿರಲಿಲ್ಲ. ಆದರೆ ಈ ಮಾತನ್ನು ಎಷ್ಟು ಜನ ಶಿಕ್ಷಕರ ಮುಂದೆ, ಎಷ್ಟು ಜನ ನೆಂಟರ ಮುಂದೆ ಹೇಳುತ್ತ ಬಂದಿರಬಹುದು ನೀವು! ಮಗಳೂ ಅದನ್ನು ಕೇಳಿಕೊಂಡೇ ಬೆಳೆದಿರುತ್ತಾಳೆ. ಬಾಲ್ಯದ ಮಧ್ಯಾಹ್ನಗಳನ್ನೆಲ್ಲ ಟ್ಯೂಷನ್ ಮೇಜಿನ ಮುಂದೆ ಕಳೆದ ಹುಡುಗಿಗೆ ಗೆಳತಿಯರ ಗುಂಪೊಂದು ಬೇಕೆನಿಸಿದರೆ ಅದು ಹಟವಲ್ಲ, ಹಸಿವು.

ಸೇರಲಿ ಎಂಬುದೇ ನನ್ನ ಅಭಿಪ್ರಾಯ. ಹೇಳಬೇಕೇ ಮುಚ್ಚಿಡಬೇಕೇ ಎಂಬ ನಿಮ್ಮ ಪ್ರಶ್ನೆಯನ್ನು ಮಾತ್ರ ಬಿಡಿಸಿ ನೋಡಬೇಕು. ನ್ಯೂನತೆಯ ಹೆಸರು ಹೇಳುವುದು ಒಂದು, ತನಗೆ ಬೇಕಾದ ಅನುಕೂಲವನ್ನು ಕೇಳಿ ಪಡೆಯುವುದು ಇನ್ನೊಂದು. ಹೆಸರನ್ನು ಅವಳು ಕಾಲೇಜಿನ ಒಂದು ಕಚೇರಿಗೆ ಹೇಳಲೇಬೇಕು. ಉಳಿದವರಿಗೆ ಹೇಳುವುದು ಬಿಡುವುದು ಅವಳ ಇಷ್ಟ. ಅನುಕೂಲವನ್ನು ಕೇಳುವ ಪ್ರಸಂಗ ಮಾತ್ರ ವಾರಕ್ಕೆ ನಾಲ್ಕು ಬಾರಿ ಬರುತ್ತದೆ, ಅದನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಬೇಕು.

ಮೊದಲು ನಿಮ್ಮ ಅತ್ತೆಯವರ ಮಾತು. ಅವರು ಕಂಡದ್ದು ಸುಳ್ಳಲ್ಲ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ. ‘ಕ’ಕ್ಕೆ ಕೊಂಬು ಕೊಟ್ಟರೆ ಅದು ಎಲ್ಲಿ ಬಂದರೂ ‘ಕು’. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಒಂದೊಂದು ಪದದಲ್ಲಿ ಒಂದೊಂದು ಉಚ್ಚಾರ. ಹೀಗಾಗಿ ಡಿಸ್ಲೆಕ್ಸಿಯಾ ಇರುವ ಮಗು ಕನ್ನಡದಂಥ ಲಿಪಿಯಲ್ಲಿ ತಪ್ಪಿಲ್ಲದೆ, ಆದರೆ ನಿಧಾನವಾಗಿ ಓದಬಹುದು. ಅದೇ ಮಗು ಇಂಗ್ಲಿಷಿನಲ್ಲಿ ಎಡವುತ್ತದೆ. ಮುಂದಿನ ಸಲ ಅತ್ತೆಯವರು ಅವಳಿಂದ ಕನ್ನಡ ಓದಿಸುವಾಗ ತಪ್ಪುಗಳನ್ನು ಎಣಿಸುವ ಬದಲು ಗಡಿಯಾರ ನೋಡಲಿ. ಒಂದು ಪುಟಕ್ಕೆ ಎಷ್ಟು ನಿಮಿಷ ಹಿಡಿಯಿತು ಎಂಬುದರಲ್ಲಿ ಉತ್ತರವಿದೆ. ಇದು ಕಾಯಿಲೆಯೂ ಅಲ್ಲ, ಸೋಮಾರಿತನವೂ ಅಲ್ಲ. ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಡಿಸ್ಲೆಕ್ಸಿಯಾವನ್ನೂ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ 21 ಅಂಗವೈಕಲ್ಯ ವರ್ಗಗಳಲ್ಲಿ ಸೇರಿಸಿದೆ ಎಂದು ಅವರಿಗೆ ತಿಳಿಸಿ.

ಸೊರೊರಿಟಿ ಎಂದರೆ ಲೇಡೀಸ್ ಹಾಸ್ಟೆಲ್ ಎಂದುಕೊಳ್ಳುವವರು ನಮ್ಮಲ್ಲಿ ಬಹಳ. ಕೆಲವಕ್ಕೆ ದೊಡ್ಡ ಮನೆ ಇರುತ್ತದೆ ನಿಜ, ಆದರೆ ಅದು ಮೂಲತಃ ಜೀವನಪೂರ್ತಿ ಸದಸ್ಯತ್ವದ ಸೋದರಿಯರ ಸಂಘ. ಲ್ಯಾಟಿನ್ನಿನಲ್ಲಿ ‘ಸೊರೊರ್’ ಎಂದರೆ ಸೋದರಿ. ಇಂದು ಆಲ್ಫಾ ಡೆಲ್ಟಾ ಪೈ ಎನ್ನಿಸಿಕೊಂಡಿರುವ ಸಂಘ 1851ರಲ್ಲಿ ನಿಮ್ಮ ಜಾರ್ಜಿಯಾದ ಮೇಕನ್ ಊರಿನ ಮಹಿಳಾ ಕಾಲೇಜೊಂದರಲ್ಲೇ ಹುಟ್ಟಿತು. ಇಂಥ 26 ಸಂಘಗಳು 1902ರಲ್ಲಿ ಆರಂಭವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟದಲ್ಲಿವೆ. ನಿಮ್ಮ ಮಗಳು ಹೇಳುತ್ತಿರುವುದು ಬಹುಶಃ ಇವುಗಳ ಬಗ್ಗೆಯೇ.

ಈಗ ಆ ಒಂದು ಕಚೇರಿಯ, ಅಂದರೆ ಕಾಲೇಜಿನ ಡಿಸೆಬಿಲಿಟಿ ಕಚೇರಿಯ ವಿಷಯ. ಶಾಲೆಯಲ್ಲಿ ಹೆಚ್ಚಿನ ಸಮಯ, ಪ್ರತ್ಯೇಕ ಕೊಠಡಿ ಎಲ್ಲವೂ ಅವಳನ್ನು ಹುಡುಕಿಕೊಂಡು ಬಂದವು. ಮಗುವನ್ನು ಗುರುತಿಸುವ ಹೊಣೆಯನ್ನು ಕಾನೂನು ಶಾಲೆಯ ಮೇಲೆ ಹೊರಿಸಿತ್ತು. ಹೈಸ್ಕೂಲಿನ ಕೊನೆಯ ದಿನಕ್ಕೆ ಆ ವ್ಯವಸ್ಥೆ ಮುಗಿಯುತ್ತದೆ. ಕಾಲೇಜಿನಲ್ಲಿ 1973ರ ಪುನರ್ವಸತಿ ಕಾಯಿದೆಯ 504ನೆಯ ಸೆಕ್ಷನ್ ಮತ್ತು 1990ರ ಅಂಗವಿಕಲರ ಕಾಯಿದೆ ಅನ್ವಯಿಸುತ್ತವೆ. ಅವುಗಳ ಪ್ರಕಾರ ವಿದ್ಯಾರ್ಥಿ ತಾನಾಗಿ ಹೋಗಿ, ದಾಖಲೆ ತೋರಿಸಿ ಕೇಳಬೇಕು. ಕೇಳದವರಿಗೆ ಕೊಡುವ ಹೊಣೆ ಯಾರಿಗೂ ಇಲ್ಲ. ಮೊದಲ ಮಿಡ್‌ಟರ್ಮ್‌ನಲ್ಲಿ ಅಂಕ ಕೆಟ್ಟ ಮೇಲೆ ನನ್ನ ಕಚೇರಿಯ ಬಾಗಿಲಿಗೆ ಬಂದು ಅತ್ತ ಮಕ್ಕಳು ಎಷ್ಟೋ ಮಂದಿ. ‘ನಾನೇ ಮಾಡಿ ತೋರಿಸುತ್ತೇನೆ ಅಂದುಕೊಂಡಿದ್ದೆ’ ಎನ್ನುತ್ತಿದ್ದರು. ಹಿಂದಿನ ಪರೀಕ್ಷೆಗೆ ಹೆಚ್ಚಿನ ಸಮಯವನ್ನು ಆಮೇಲೆ ಕೊಡಲು ಬರುವುದಿಲ್ಲ.

ಹಳೆಯ ಶಾಲೆಯ ಕಾಗದಗಳು ಸಾಲದೆ ಹೋಗಬಹುದು. ವಯಸ್ಕರ ಮಾನದಂಡದಲ್ಲಿ ಮಾಡಿದ ಇತ್ತೀಚಿನ ಪರೀಕ್ಷಾ ವರದಿಯನ್ನು ಬಹಳ ಕಾಲೇಜುಗಳು ಕೇಳುತ್ತವೆ, ಖಾಸಗಿಯಾಗಿ ಮಾಡಿಸಿದರೆ ಅದಕ್ಕೆ ಸಾವಿರಾರು ಡಾಲರ್ ತಗಲುತ್ತದೆ. ನಿಮ್ಮ ರಾಜ್ಯದಲ್ಲಿ ಇದಕ್ಕೊಂದು ದಾರಿಯಿದೆ: ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗಾಗಿಯೇ ರೀಜೆಂಟ್ಸ್ ಸೆಂಟರ್ ಫಾರ್ ಲರ್ನಿಂಗ್ ಡಿಸಾರ್ಡರ್ಸ್ ಎಂಬ ಕೇಂದ್ರಗಳಿವೆ, ಅಲ್ಲಿ ಕಡಿಮೆ ಖರ್ಚಿನಲ್ಲಿ ಪರೀಕ್ಷೆ ಮಾಡುತ್ತಾರೆ. ಊರಿಗೆ ಬಂದಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಡಿಸೋಣ ಎಂದು ಯೋಚಿಸುವವರೂ ಇದ್ದಾರೆ. ಅಲ್ಲಿಯ ತಜ್ಞರ ಬಗ್ಗೆ ನನಗೆ ಗೌರವವಿದೆ. ಆದರೆ ಭಾರತದ ಮಕ್ಕಳಿಗೆ ಹೊಂದಿಸಿದ ಅಳತೆಯ ವರದಿಯನ್ನು ಕಾಲೇಜು ಒಪ್ಪುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳದೆ ಟಿಕೆಟ್ ತೆಗೆಯಬೇಡಿ.

ಆ ಕಚೇರಿಗೆ ಕೊಟ್ಟ ಮಾಹಿತಿ ಸೊರೊರಿಟಿಯ ಕಿವಿಗೆ ಬೀಳುವುದಿಲ್ಲ, ಪ್ರಾಧ್ಯಾಪಕರಿಗೂ ನ್ಯೂನತೆಯ ಹೆಸರು ಹೋಗುವುದಿಲ್ಲ. ಇಂಥ ಅನುಕೂಲ ಕೊಡಿ ಎಂಬ ಪತ್ರ ಮಾತ್ರ ಹೋಗುತ್ತದೆ. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಯನ್ನು ಕಾಯುವ 1974ರ ಫರ್ಪಾ ಕಾಯಿದೆಯ ಪ್ರಕಾರ ಕಾಲೇಜು ಸೇರಿದ ಮೇಲೆ ಅವಳ ದಾಖಲೆಗಳ ಮೇಲಿನ ಹಕ್ಕು ಅವಳದೇ. ನೀವು ಫೋನ್ ಮಾಡಿದರೆ ಆ ಕಡೆಯವರು ವಿನಯದಿಂದಲೇ ‘ಅವಳೇ ಮಾತನಾಡಲಿ’ ಎನ್ನುತ್ತಾರೆ. ನಾನೇ ಎಷ್ಟೋ ತಾಯಂದಿರಿಗೆ ಹಾಗೆ ಹೇಳಿದ್ದೇನೆ, ಪ್ರತಿ ಸಲವೂ ಮನಸ್ಸಿಗೆ ಕಷ್ಟವಾಗಿದೆ.

ಇನ್ನು ರಿಕ್ರೂಟ್‌ಮೆಂಟ್, ಅಂದರೆ ಸೊರೊರಿಟಿಗಳು ಹೊಸ ಸದಸ್ಯೆಯರನ್ನು ಆರಿಸುವ ವಾರ. ಹಿಂದೆ ರಷ್ ಎನ್ನುತ್ತಿದ್ದರು. ಒಂದೊಂದು ಸೊರೊರಿಟಿಯನ್ನೂ ಇಲ್ಲಿ ‘ಮನೆ’ ಎಂದೇ ಕರೆಯುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಇದು ತರಗತಿಗಳು ಶುರುವಾಗುವ ಮುಂಚೆ, ಆಗಸ್ಟ್‌ನ ಸುಡುಬಿಸಿಲಿನಲ್ಲಿ ನಡೆಯುತ್ತದೆ. ಮನೆಯ ಬಾಗಿಲು ತೆರೆಯುತ್ತಿದ್ದಂತೆ ಹತ್ತಾರು ಹುಡುಗಿಯರು ಚಪ್ಪಾಳೆ ತಟ್ಟುತ್ತ ಹಾಡುತ್ತ ಸ್ವಾಗತಿಸುತ್ತಾರೆ. ಒಳಗೆ ನೂರಾರು ದನಿಗಳು ಒಟ್ಟಿಗೆ. ಒಬ್ಬಳ ಜೊತೆ ಐದು ನಿಮಿಷ ಮಾತು, ಅಷ್ಟರಲ್ಲಿ ಇನ್ನೊಬ್ಬಳು ಬಂದು ನಿಲ್ಲುತ್ತಾಳೆ. ಅರ್ಧ ಗಂಟೆಯಲ್ಲಿ ಅದು ಮುಗಿದು ಮುಂದಿನ ಮನೆಯ ಮುಂದೆ ಸಾಲು. ದಿನದ ಕೊನೆಗೆ, ಯಾವ ಮನೆ ಹಿಡಿಸಿತು ಎಂದು ಕ್ರಮವಾಗಿ ಗುರುತು ಹಾಕಬೇಕು. ಡಿಸ್ಲೆಕ್ಸಿಯಾ ಇರುವವರಲ್ಲಿ ಬಹಳ ಮಂದಿ ಮಾತಿನಲ್ಲಿ ಚುರುಕು; ಅವರನ್ನು ಬಳಲಿಸುವುದು ಹೆಸರುಗಳು. ಕೇಳಿದ ಹೆಸರು ಗದ್ದಲದಲ್ಲಿ ನಿಲ್ಲುವುದಿಲ್ಲ, ಎದೆಯ ಮೇಲಿನ ಹೆಸರಿನ ಚೀಟಿಯನ್ನು ಓರೆಗಣ್ಣಿನಲ್ಲಿ ಓದುವಷ್ಟು ಬೇಗ ಓದಲು ಆಗುವುದಿಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳು ಇದಕ್ಕೆ ತಾನೇ ಉಪಾಯ ಕಂಡುಕೊಂಡಿದ್ದಳು. ಪ್ರತಿ ಮನೆಯಿಂದ ಹೊರಬಂದ ಕೂಡಲೇ ಮರದ ಕೆಳಗೆ ನಿಂತು, ಚೀಲದಿಂದ ಮೊಬೈಲ್ ತೆಗೆದು ಅರ್ಧ ನಿಮಿಷ ಧ್ವನಿಮುದ್ರಿಸುತ್ತಿದ್ದಳು: ‘ಹಳದಿ ಬಾಗಿಲಿನ ಮನೆ, ಕುದುರೆ ಸಾಕಿದ ಹುಡುಗಿ, ನನ್ನ ಅಜ್ಜಿಯ ಬಗ್ಗೆ ಕೇಳಿದಳು, ಚೆನ್ನಾಗಿ ನಕ್ಕೆವು.’ ಸಂಜೆ ಬೇರೆಯವರು ಪಟ್ಟಿ ಓದುತ್ತಿದ್ದರೆ ಇವಳು ತನ್ನದೇ ದನಿ ಕೇಳಿ ಗುರುತು ಹಾಕುತ್ತಿದ್ದಳು. ನಿಮ್ಮ ಮಗಳೂ ಹಾಗೆ ಮಾಡಬಹುದು. ಮನೆಯೊಳಗೆ ಫೋನ್ ತೆಗೆಯಬಾರದು ಎಂಬ ನಿಯಮ ಸಾಮಾನ್ಯವಾಗಿ ಇರುತ್ತದೆ, ಹೊರಗೆ ಅಡ್ಡಿಯಿಲ್ಲ.

ಪ್ರತಿ ಗುಂಪಿಗೆ ಒಬ್ಬ ರಿಕ್ರೂಟ್‌ಮೆಂಟ್ ಕೌನ್ಸೆಲರ್ ಇರುತ್ತಾಳೆ. ಅವಳೂ ಸೊರೊರಿಟಿಯವಳೇ, ಆದರೆ ಆ ವಾರದ ಮಟ್ಟಿಗೆ ತನ್ನ ಮನೆಯ ನಂಟು ಬಿಟ್ಟು ತಟಸ್ಥಳಾಗಿರಬೇಕು. ಅವಳ ಹತ್ತಿರ ನಿಮ್ಮ ಮಗಳು ಹೇಳಬೇಕಾದದ್ದು ಇಷ್ಟೇ: ‘ನಾನು ಓದುವುದು ನಿಧಾನ. ವೇಳಾಪಟ್ಟಿ ಹಿಂದಿನ ರಾತ್ರಿಯೇ ಸಿಕ್ಕರೆ ಅನುಕೂಲ.’ ಡಿಸ್ಲೆಕ್ಸಿಯಾ ಎಂಬ ಪದ ಇಲ್ಲಿ ಬೇಕಾಗಿಯೇ ಇಲ್ಲ.

ಒಂದು ಕಡೆ ಮಾತ್ರ ಬಹಳ ಎಚ್ಚರ ಬೇಕು. ಇಡೀ ವಾರದಲ್ಲಿ ನಾನು ಹೆದರುವುದು ಅದೊಂದಕ್ಕೇ. ಕೊನೆಯ ಸುತ್ತಿಗೆ ಪ್ರಿಫರೆನ್ಸ್ ಎನ್ನುತ್ತಾರೆ. ಮಂದ ಬೆಳಕು, ಕಣ್ಣೀರು, ಅಕ್ಕರೆಯ ಮಾತು. ಅದು ಮುಗಿದ ಕೂಡಲೇ ಯಾರೊಂದಿಗೂ ಚರ್ಚಿಸದೆ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಎಮ್‌ಆರ್‌ಎಬಿಎ ಎಂಬುದು ಅದರ ಹೆಸರು, ಬಂದ ಕರೆಯನ್ನು ಒಪ್ಪಿಕೊಳ್ಳುತ್ತೇನೆ ಎಂಬ ಬದ್ಧತೆಯ ಒಪ್ಪಂದ. ಅದರಲ್ಲಿ ಅವಳು ಬರೆದ ಯಾವುದೇ ಮನೆ ಅವಳನ್ನು ಕರೆದು, ಅವಳು ಒಲ್ಲೆ ಎಂದರೆ, ಅದೇ ಕಾಲೇಜಿನಲ್ಲಿ ಒಕ್ಕೂಟದ ಬೇರೆ ಯಾವ ಸೊರೊರಿಟಿಯನ್ನೂ ಮುಂದಿನ ವರ್ಷದ ರಿಕ್ರೂಟ್‌ಮೆಂಟ್‌ವರೆಗೆ ಸೇರುವಂತಿಲ್ಲ. ಒಂದೇ ಮನೆಯ ಹೆಸರು ಬರೆಯಬಹುದು, ಬರೆಯದೆಯೂ ಇರಬಹುದು, ಅದು ಅವಳ ಹಕ್ಕು. ಇಂಥ ಕರಾರನ್ನು ವಾರವಿಡೀ ನಿದ್ದೆಗೆಟ್ಟ ಹುಡುಗಿ, ಅಳುವ ಗೆಳತಿಯರ ನಡುವೆ, ನಿಧಾನವಾಗಿ ಓದುವ ಕಣ್ಣಿನಿಂದ ಓದಿ ಅರ್ಥ ಮಾಡಿಕೊಳ್ಳುವುದು ಹೇಗೆ? ಆದ್ದರಿಂದ ಅದರ ನಮೂನೆಯನ್ನು ಜುಲೈನಲ್ಲೇ ಕೇಳಿ ಪಡೆಯಲಿ. ಮನೆಯಲ್ಲಿ ಮೊಬೈಲಿನಿಂದ ಜೋರಾಗಿ ಓದಿಸಿ ಕೇಳಲಿ. ಸಹಿಯ ದಿನ ಯಾರಾದರೂ ಓದಿ ಹೇಳಬೇಕು, ಅವಸರ ಮಾಡಬಾರದು ಎಂದು ಮುಂಚಿತವಾಗಿ ಕೇಳಲಿ.

ಇದನ್ನು ಕೇಳಬೇಕಾದದ್ದು ಸೊರೊರಿಟಿಯನ್ನಲ್ಲ. ಕಾನೂನು ಇಲ್ಲಿ ಸೂಕ್ಷ್ಮವಾಗಿದೆ. ಖಾಸಗಿ ಕ್ಲಬ್‌ಗಳಿಗೆ 1990ರ ಕಾಯಿದೆ ವಿನಾಯಿತಿ ಕೊಟ್ಟಿದೆ, ಸೊರೊರಿಟಿಗಳು ಆ ನೆರಳಿನಲ್ಲಿ ನಿಲ್ಲಬಲ್ಲವು. 504ರ ನಿಯಮಗಳಲ್ಲಿ ಮಾತ್ರ ಅವುಗಳ ಹೆಸರೆತ್ತಿಯೇ ಒಂದು ಮಾತಿದೆ: ಸರ್ಕಾರದ ಹಣ ಪಡೆಯುವ ಕಾಲೇಜು ಇಂಥ ಸಂಘಗಳಿಗೆ ಗಣನೀಯ ನೆರವು ಕೊಡುತ್ತಿದ್ದರೆ, ಅವುಗಳ ಸದಸ್ಯತ್ವದಲ್ಲಿ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಆಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಆದರೂ ಮುಚ್ಚಿದ ಬಾಗಿಲಿನ ಹಿಂದೆ ನಡೆಯುವ ಆಯ್ಕೆಯಲ್ಲಿ ನಿಮ್ಮ ಮಗಳನ್ನು ಯಾಕೆ ಬಿಟ್ಟರು ಎಂದು ಸಾಬೀತು ಮಾಡಲು ಹೊರಟರೆ ನಿಮಗೆ ನೋವೇ ಹೆಚ್ಚು. ಕಾನೂನಿನ ಬಲವಿರುವುದು ಬೇರೆ ಕಡೆ: ಆ ವಾರದ ವೇಳಾಪಟ್ಟಿ, ಅರ್ಜಿ, ಸಹಿಯ ಏರ್ಪಾಡಿನ ಹಿಂದೆ ವಿಶ್ವವಿದ್ಯಾಲಯದ ಸಂಬಳದ ಸಿಬ್ಬಂದಿ ಇರುತ್ತಾರೆ. ಡಿಸೆಬಿಲಿಟಿ ಕಚೇರಿಯ ಮೂಲಕ ಅವರಿಗೆ ಒಂದು ಪತ್ರ ಹೋದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ.

ಆಯ್ಕೆಯಾದ ಮೇಲೆ ಹೊಸ ಸದಸ್ಯೆಯರ ಅವಧಿ, ಸುಮಾರು ಆರರಿಂದ ಎಂಟು ವಾರ. ಸಂಘದ ಇತಿಹಾಸ, ಸ್ಥಾಪಕಿಯರ ಹೆಸರು, ಧ್ಯೇಯವಾಕ್ಯ, ಜೊತೆಗೆ ಗ್ರೀಕ್ ವರ್ಣಮಾಲೆಯ 24 ಅಕ್ಷರ. ಬೇರೆ ಹುಡುಗಿಯರಿಗೆ ಇದು ಒಂದು ಸಂಜೆಯ ಕೆಲಸ. ನಿಮ್ಮ ಮಗಳಿಗೆ ಇದು ಹೊಸ ಲಿಪಿ, ಮತ್ತೆ ಒಂದನೆಯ ತರಗತಿ. ಪೈ, ಫೈ, ಸೈ, ಕೈ ಎಂದು ನೀವೇ ಒಮ್ಮೆ ಬೇಗ ಬೇಗ ಹೇಳಿ ನೋಡಿ. ಡಿಸ್ಲೆಕ್ಸಿಯಾದಲ್ಲಿ ಏಟು ಬೀಳುವುದು ಇಂಥ ಕಡೆಯೇ, ಒಂದಕ್ಕೊಂದು ಹೋಲುವ ಸದ್ದುಗಳನ್ನು ಬೇರ್ಪಡಿಸಿ ಹಿಡಿಯುವಲ್ಲಿ. ಇದಕ್ಕೆ ನಾನು ಹೇಳಿಕೊಡುತ್ತಿದ್ದ ವಿಧಾನ ನಿಮಗೆ ಹೊಸದಲ್ಲ. ತಟ್ಟೆಯಲ್ಲಿ ಅಕ್ಕಿ ಹರಡಿ, ಬೆರಳು ಹಿಡಿದು, ಬಾಯಲ್ಲಿ ಹೇಳುತ್ತ ಅಕ್ಷರ ತೀಡಿಸುವುದು. ನಮ್ಮ ಅಕ್ಷರಾಭ್ಯಾಸದಲ್ಲಿ ಮಗುವಿನ ಕೈಯಲ್ಲಿ ‘ಶ್ರೀ’ ಬರೆಸುತ್ತೇವಲ್ಲ, ಅದೇ. ಕಣ್ಣು, ಕಿವಿ, ಬೆರಳು ಮೂರೂ ಒಟ್ಟಿಗೆ ದುಡಿದಾಗ ಅಕ್ಷರ ನಿಲ್ಲುತ್ತದೆ ಎಂಬುದನ್ನು ಡಿಸ್ಲೆಕ್ಸಿಯಾ ಬೋಧನೆಯವರೂ ನಂಬುತ್ತಾರೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಅಕ್ಷರದಂತೆ ತೀಡಿದರೆ ಎರಡು ವಾರದೊಳಗೆ 24 ಮುಗಿಯುತ್ತವೆ. ಕಲಿಸುವ ಕೆಲಸವನ್ನು ಮೈಸೂರಿನ ಅಜ್ಜಿಗೇ ವಹಿಸಿಬಿಡಿ, ವೀಡಿಯೊ ಕರೆಯಲ್ಲಿ.

ದೀಕ್ಷೆಯ ವಿಧಿಯನ್ನು ಗುಟ್ಟಾಗಿ ಇಡುತ್ತಾರೆ, ಮುಂಚಿತವಾಗಿ ಓದಲು ಕೊಡುವುದಿಲ್ಲ. ‘ಎಲ್ಲರ ಮುಂದೆ ಜೋರಾಗಿ ಓದುವುದು ನನಗೆ ಆಗದು, ಹೇಳಿಕೊಟ್ಟರೆ ಹಿಂದೆಯೇ ಹೇಳುತ್ತೇನೆ’ ಎಂದು ಒಬ್ಬಳಿಗೆ ತಿಳಿಸಿಟ್ಟರೆ ಸಾಕು. ಪುರೋಹಿತರು ಹೇಳಿಕೊಟ್ಟ ಮಂತ್ರ ಹೇಳಿಯೇ ನಾವೆಲ್ಲ ಮದುವೆಯಾಗಿಲ್ಲವೇ?

ಹೊಸಬರನ್ನು ಸಾಲಾಗಿ ನಿಲ್ಲಿಸಿ ಹೆಸರುಗಳ ಪಟ್ಟಿಯನ್ನು ಒಪ್ಪಿಸಲು ಹೇಳುವುದು, ತಪ್ಪಿದರೆ ಅವಮಾನಿಸುವುದು, ರಾತ್ರಿ ನಿದ್ದೆ ಮಾಡಲು ಬಿಡದಿರುವುದು ಕಲಿಕೆಯಲ್ಲ, ಅದು ಹೇಜಿಂಗ್. ನಮ್ಮ ಕಡೆಯ ರ್‍ಯಾಗಿಂಗ್. ಓದಿನಲ್ಲಿ ಹಿಂದೆ ಬೀಳುವ ಮಗುವಿಗೆ ಅದು ಎರಡು ಪಟ್ಟು ಗಾಯ, ಯಾಕೆಂದರೆ ತಪ್ಪು ತನ್ನದೇ ಎಂದುಕೊಂಡು ಸುಮ್ಮನಿರುತ್ತದೆ. ಜಾರ್ಜಿಯಾದಲ್ಲಿ ಹೇಜಿಂಗ್ ವಿರುದ್ಧ 2021ರ ಮ್ಯಾಕ್ಸ್ ಗ್ರೂವರ್ ಕಾಯಿದೆ ಇದೆ. 2024ರ ಡಿಸೆಂಬರ್‌ನಲ್ಲಿ ಸಹಿಯಾದ ರಾಷ್ಟ್ರೀಯ ಕಾಯಿದೆಯಂತೆ ಹೇಜಿಂಗ್ ನಡೆಸಿದ ಸಂಘಗಳ ವಿವರವನ್ನು ಕಾಲೇಜು ಪ್ರಕಟಿಸಬೇಕು. ಆ ವರದಿಯನ್ನು ಅವಳ ಜೊತೆ ಕುಳಿತು ನೋಡಿ. ಯಾವ ಮನೆಯ ಹೆಸರು ಅದರಲ್ಲಿದೆಯೋ ಅದು ಎಷ್ಟೇ ಪ್ರಸಿದ್ಧವಾಗಿದ್ದರೂ ಪಟ್ಟಿಯಿಂದ ತೆಗೆಯಲಿ.

ಅವಳ ಅಪ್ಪನ ಆತಂಕ ಸಮಯದ್ದು, ಅದಕ್ಕೆ ಲೆಕ್ಕದಲ್ಲೇ ಉತ್ತರ ಕೊಡೋಣ. ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ತರಗತಿ, ತರಗತಿಯ ಹೊರಗೆ ಎರಡು ಗಂಟೆ ಓದು ಎಂಬುದು ಅಲ್ಲಿಯ ರೂಢಿಯ ಲೆಕ್ಕ. 15 ಕ್ರೆಡಿಟ್ ತೆಗೆದುಕೊಂಡರೆ ತರಗತಿ ಸೇರಿ 45 ಗಂಟೆ. ಹೊರಗಿನ 30 ಗಂಟೆಯಲ್ಲಿ ಅರ್ಧದಷ್ಟು ಬರೀ ಓದು ಎಂದುಕೊಳ್ಳಿ, ಅದಕ್ಕೆ ಅವಳಿಗೆ ಎರಡು ಪಟ್ಟು ಸಮಯ ಹಿಡಿಯುತ್ತದೆ ಎಂದುಕೊಳ್ಳಿ. ಮೊತ್ತ 60 ಆಯಿತು. ಇದರ ಮೇಲೆ ಸೊರೊರಿಟಿಯ ಸಭೆ, ಕಾರ್ಯಕ್ರಮ ಸೇರಿ ಆರೇಳು ಗಂಟೆ. ಇದು ಆಗದ ಮಾತು, ಯಜಮಾನರು ಹೇಳಿದ್ದು ಸರಿ. ಅದೇ 12 ಕ್ರೆಡಿಟ್ ತೆಗೆದುಕೊಂಡರೆ ಪೂರ್ಣಾವಧಿ ವಿದ್ಯಾರ್ಥಿನಿಯಾಗಿಯೇ ಉಳಿಯುತ್ತಾಳೆ, ಅದೇ ಲೆಕ್ಕದಲ್ಲಿ 48 ಗಂಟೆ. ಸೊರೊರಿಟಿ ಸೇರಿದರೂ 55 ದಾಟುವುದಿಲ್ಲ. ಪುಸ್ತಕಗಳನ್ನು ಬುಕ್‌ಶೇರ್ ಎಂಬ, ಓದಲು ಕಷ್ಟವಿರುವವರಿಗಾಗಿಯೇ ಇರುವ ಆನ್‌ಲೈನ್ ಗ್ರಂಥಾಲಯದಿಂದ ಕೇಳಿಸಿಕೊಂಡರೆ ಇನ್ನೂ ಇಳಿಯುತ್ತದೆ. ಅರ್ಹ ವಿದ್ಯಾರ್ಥಿಗಳಿಗೆ ಅಮೆರಿಕದಲ್ಲಿ ಅದು ಉಚಿತ. ಮೊದಲ ಸೆಮಿಸ್ಟರ್‌ಗೆ 12 ಸಾಕು. ಸೊರೊರಿಟಿಯಲ್ಲಿ ಉಳಿಯಲು ಕನಿಷ್ಠ ಜಿಪಿಎ, ಅಂದರೆ ಸರಾಸರಿ ಗ್ರೇಡ್ ಅಂಕ ಬೇಕು ಎಂಬ ನಿಯಮವೂ ಇರುತ್ತದೆ, ಸಂಖ್ಯೆ ಒಂದೊಂದು ಮನೆಗೆ ಒಂದೊಂದು. ಅದನ್ನು ಮೊದಲೇ ಕೇಳಿಕೊಳ್ಳಲಿ.

ವಾರಕ್ಕೆ ಇಷ್ಟು ಗಂಟೆ ಗ್ರಂಥಾಲಯದಲ್ಲಿ ಎಲ್ಲರೊಡನೆ ಕುಳಿತು ಓದಬೇಕು ಎಂಬ ನಿಯಮ ಹಲವು ಮನೆಗಳಲ್ಲಿದೆ. ನಲವತ್ತು ಜನರ ಪಿಸುಮಾತಿನ ನಡುವೆ ಅವಳಿಗೆ ಓದಲಾಗದು. ಟ್ಯೂಟರ್ ಹತ್ತಿರ ಅಥವಾ ರೈಟಿಂಗ್ ಸೆಂಟರ್‌ನಲ್ಲಿ ಕಳೆದ ಗಂಟೆಗಳನ್ನು ಇದಕ್ಕೆ ಲೆಕ್ಕ ಹಿಡಿಯುತ್ತೀರಾ ಎಂದು ರಿಕ್ರೂಟ್‌ಮೆಂಟ್‌ನ ಮಾತುಕತೆಯಲ್ಲೇ ಅವಳು ಸಹಜವಾಗಿ ಕೇಳಬಹುದು. ಈ ಒಂದು ಪ್ರಶ್ನೆಗೆ ಎದುರಿನ ಹುಡುಗಿ ಕೊಡುವ ಉತ್ತರವನ್ನು ಕಿವಿಗೊಟ್ಟು ಕೇಳಲಿ. ‘ಹೌದು, ನಮ್ಮಲ್ಲಿ ಇಬ್ಬರು ಹಾಗೇ ಮಾಡುತ್ತಾರೆ’ ಎಂದರೆ ಆ ಮನೆಯಲ್ಲಿ ಇವಳಂಥವರು ಈಗಾಗಲೇ ಇದ್ದಾರೆ ಎಂದರ್ಥ.

ಹೊಸಬಳಿಗೆ ಒಬ್ಬ ‘ಬಿಗ್’ ಸಿಗುತ್ತಾಳೆ, ನಮ್ಮ ಮಾತಿನಲ್ಲಿ ಅಕ್ಕ. ನ್ಯೂನತೆಯ ಹೆಸರನ್ನು ಗೆಳತಿಯರಲ್ಲಿ ಯಾರಿಗಾದರೂ ಹೇಳುವುದಾದರೆ ಅವಳಿಗೆ, ಅದೂ ಅವಳ ಮೇಲೆ ನಂಬಿಕೆ ಹುಟ್ಟಿದ ಮೇಲೆ. ಗುಂಪಿನ ಸಂದೇಶಗಳ ಆ್ಯಪ್ ಆದ ಗ್ರೂಪ್‌ಮೀಯಲ್ಲಿ ದಿನಕ್ಕೆ ಇನ್ನೂರು ಸಂದೇಶ ಬರುವಾಗ ‘ಇದರಲ್ಲಿ ನನಗೆ ಬೇಕಾದ ಎರಡು ಯಾವುವು?’ ಎಂದು ಕೇಳಲು ಒಬ್ಬ ಅಕ್ಕ ಬೇಕೇ ಬೇಕು.

ದಕ್ಷಿಣ ಏಷ್ಯಾದ ಹುಡುಗಿಯರದೇ ಸೊರೊರಿಟಿಗಳೂ ಇವೆ. ಡೆಲ್ಟಾ ಫೈ ಒಮೆಗಾ, ಕಪ್ಪಾ ಫೈ ಗ್ಯಾಮಾ ಎರಡೂ 1998ರಲ್ಲಿ ಟೆಕ್ಸಾಸ್‌ನಲ್ಲಿ ಶುರುವಾದವು. ನಮ್ಮವರ ನಡುವೆ ಸುಲಭವಾದೀತು ಎಂದು ನಿಮಗೆ ಅನ್ನಿಸಬಹುದು. ಗುಂಪು ಚಿಕ್ಕದು, ಗದ್ದಲ ಕಡಿಮೆ ಎಂಬುದು ನಿಜ. ಆದರೆ ಬಹುಸಂಸ್ಕೃತಿ ಸಂಘಗಳಲ್ಲಿ ಹೊಸ ಸದಸ್ಯೆಯರು ಇತಿಹಾಸವನ್ನೂ ಗ್ರೀಕ್ ಅಕ್ಷರಗಳನ್ನೂ ಸಾರ್ವಜನಿಕವಾಗಿ, ಒಂದೇ ದನಿಯಲ್ಲಿ ಒಪ್ಪಿಸುವ ಪ್ರದರ್ಶನದ ಪದ್ಧತಿ ಸಾಮಾನ್ಯ. ಬಾಯಿಪಾಠ ಇವಳಿಗೆ ಸುಲಭವೋ ಕಷ್ಟವೋ ಎಂದು ನೋಡಿ ನಿರ್ಧರಿಸಲಿ. ಕೇಳಿ ಕೇಳಿ ಕಲಿತ ದೇವರನಾಮ ಅವಳಿಗೆ ಬರುತ್ತದೆಯಾದರೆ ಇದೂ ಬರುತ್ತದೆ.

ಆಗಸ್ಟ್‌ನಲ್ಲಿ ಯಾವ ಮನೆಯೂ ಕರೆಯದೆ ಹೋದರೆ ಅವಳು ಅಳುತ್ತಾಳೆ, ಸಮಾಧಾನ ಮಾಡಿ. ಜಾಗ ಉಳಿದ ಮನೆಗಳು ಸೆಮಿಸ್ಟರ್ ಮಧ್ಯದಲ್ಲಿ, ಗದ್ದಲವಿಲ್ಲದೆ, ಒಂದು ಕಾಫಿಯ ಮೇಲೆ ಮಾತನಾಡಿಸಿ ಸೇರಿಸಿಕೊಳ್ಳುವುದೂ ಉಂಟು. ನಿಧಾನವಾಗಿ ಪರಿಚಯವಾಗುವ ಹುಡುಗಿಯರಿಗೆ ಆ ದಾರಿಯೇ ವಾಸಿ ಎಂಬುದು ನನ್ನ ಅನುಭವ. ಶುಲ್ಕ ಸೆಮಿಸ್ಟರ್‌ಗೆ ನೂರಾರು ಡಾಲರ್‌ನಿಂದ ಸಾವಿರಾರು ಡಾಲರ್‌ವರೆಗೆ ಇರುತ್ತದೆ, ತಪ್ಪಿಸಿದ ಕಾರ್ಯಕ್ರಮಕ್ಕೆ ದಂಡ ಬೇರೆ. ಅದರ ನಿರ್ಧಾರ ನಿಮ್ಮ ಮನೆಯದು.

ನೀವು ಈಗ ಮಾಡಬೇಕಾದದ್ದು ಒಂದೇ. ಕಾಲೇಜಿನ ಡಿಸೆಬಿಲಿಟಿ ಕಚೇರಿಯ ಅರ್ಜಿ ಆನ್‌ಲೈನಿನಲ್ಲಿ ಇರುತ್ತದೆ. ಅದನ್ನು ಅವಳೇ ತೆರೆಯಲಿ, ಅವಳೇ ತುಂಬಲಿ. ‘ನಿಮ್ಮ ಅಂಗವೈಕಲ್ಯವನ್ನು ನಿಮ್ಮ ಮಾತಿನಲ್ಲಿ ವಿವರಿಸಿ’ ಎಂಬಂಥ ಜಾಗ ಅದರಲ್ಲಿ ಬರುತ್ತದೆ. ಅಲ್ಲಿ ಅವಳು ತಡೆದು ನಿಂತಾಗ ವಾಕ್ಯ ಹೇಳಿಕೊಡಬೇಡಿ. ಕಾಗುಣಿತ ತಪ್ಪಿದರೆ ತಪ್ಪಲಿ, ಆ ಕಚೇರಿಯಲ್ಲಿ ಕುಳಿತವರು ಅದಕ್ಕಾಗಿಯೇ ಇದ್ದಾರೆ. ಪ್ರಶ್ನೆಯನ್ನು ಓದಿ ಹೇಳು ಎಂದು ಅವಳು ಕೇಳಿದರೆ ಮಾತ್ರ, ಪಕ್ಕದಲ್ಲಿ ಕುಳಿತು ನಿಧಾನವಾಗಿ ಓದಿ ಹೇಳಿ.